ಪಾಂಚೋ ಅದ್ವೈತ

ಸ್ಪೇನಿನ ಕ್ರೈಸ್ತ ಪುಣ್ಯಕ್ಷೇತ್ರ ಸಾಂತಿಯಾಗೊದ ಯಾತ್ರೆಗೆ ಹೊರಡುವವರು ಮೊದಲು ತೂಗಿ ನೋಡುವುದು ಪಾಪವನ್ನಲ್ಲ, ಹಲ್ಲುಜ್ಜುವ ಬ್ರಷ್ಷನ್ನು. ಫ್ರಾನ್ಸಿನ ಗಡಿಯೂರು ಸ್ಯಾಂ ಜಾಂ ಪಿಯೆ ದ ಪೋರ್‌ನಿಂದ ಹೊರಟರೆ ಸುಮಾರು 780 ಕಿ.ಮೀ. ಕಾಲ್ನಡಿಗೆ. ಬೆನ್ನಿನ ಚೀಲ ದೇಹತೂಕದ ಹತ್ತರಲ್ಲೊಂದು ಪಾಲನ್ನು ಮೀರಬಾರದು ಎಂಬುದು ಅಲ್ಲಿನ ಅಲಿಖಿತ ಶಾಸ್ತ್ರ. ಹಾಗಾಗಿ ಕಾಲುಚೀಲ, ಸೋಪು, ಟವೆಲು ಎಲ್ಲವೂ ಅಡುಗೆಮನೆಯ ತಕ್ಕಡಿಯ ಮೇಲೆ ಕುಳಿತೆದ್ದೇ ಚೀಲ ಸೇರುತ್ತವೆ. ನಾನೂ ಬ್ರಷ್ಷಿನ ಹಿಡಿ ಕತ್ತರಿಸಿದೆ. 4 ಗ್ರಾಂ ಉಳಿಯಿತು. ಆ ಸಂಜೆಯಿಡೀ ವೈರಾಗ್ಯ ಬಾಗಿಲಲ್ಲೇ ನಿಂತಿದೆ ಎನಿಸಿತ್ತು.

ಮಳೆಯ ಮಾತು ಬಂದಾಗ ಮಾತ್ರ ಯಾತ್ರಿಕರು ಒಡೆದು ಮೂರು ಮತವಾಗುತ್ತಾರೆ. ದೇಹ ಬೇರೆ, ಚೀಲ ಬೇರೆ, ಒಂದಕ್ಕೆ ಜಾಕೆಟ್ಟು, ಇನ್ನೊಂದಕ್ಕೆ ಗವಸು ಎನ್ನುವವರು ದ್ವೈತಿಗಳು. ಎರಡೂ ಒಂದೇ, ಭೇದವೆಲ್ಲ ಭ್ರಮೆ, ಎರಡರ ಮೇಲೂ ಒಂದು ಪಾಂಚೋ, ಅಂದರೆ ನಡುವಿನ ತೂತಿಗೆ ತಲೆ ತೂರಿಸುವ ತೋಳಿಲ್ಲದ ಮಳೆಹೊದಿಕೆ, ಹೊದೆದರೆ ಸಾಕು ಎನ್ನುವವರು ಅದ್ವೈತಿಗಳು. ತೋಳಿರುವ ಕೋಟು, ಅದರ ಬೆನ್ನಿನಲ್ಲಿ ಚೀಲಕ್ಕೆಂದೇ ಒಂಟೆಯ ಡುಬ್ಬದಂಥ ಜಾಗ, ಹೀಗೆ ಎರಡೂ ಕಡೆ ಕಾಲಿಟ್ಟವರು ವಿಶಿಷ್ಟಾದ್ವೈತಿಗಳು. ರಾತ್ರಿ ತಂಗುದಾಣದಲ್ಲಿ ಪಾದದ ಗುಳ್ಳೆಗಳನ್ನು ನೇವರಿಸಿಕೊಳ್ಳುತ್ತ ಇವರು ವಾದಿಸುವುದನ್ನು ಕೇಳಬೇಕು. ದೇವರಿದ್ದಾನೆಯೇ ಎಂದು ಯಾರೂ ಕೇಳುವುದಿಲ್ಲ. ಒಳಗಿನ ಬೆವರು ಹೊರಗೆ ಹೋಗುತ್ತದೆಯೇ ಎಂಬುದೊಂದೇ ಪ್ರಶ್ನೆ.

ನಾನು ಅದ್ವೈತಿ. ನನ್ನ ಪಾಂಚೋ 300 ಗ್ರಾಂ, ಮಡಿಸಿದರೆ ಒಂದು ಮುಷ್ಟಿ. ಜೊತೆಗೆ ಬಂದ ಚೀಟಿಯ ಪ್ರಕಾರ ಅದು ಅಂಗಿಯೂ ಹೌದು, ಚೀಲದ ಗವಸೂ ಹೌದು, ನೆಲಹಾಸೂ ಹೌದು, ಮೂಲೆಯ ತೂತುಗಳಿಗೆ ಹಗ್ಗ ಕಟ್ಟಿದರೆ ಡೇರೆಯೂ ಹೌದು. ಗಾಳಿ ಬಂದರೆ ಹಾಯಿಪಟವೂ ಹೌದು ಎಂಬುದನ್ನು ಮಾತ್ರ ಬರೆದಿರಲಿಲ್ಲ.

ಅದು ತಿಳಿದದ್ದು ಪಾಂಪ್ಲೋನಾ ದಾಟಿದ ಮೇಲೆ ಸಿಗುವ ಆಲ್ತೊ ದೆಲ್ ಪೆರ್ದೋನ್‌ನಲ್ಲಿ. ಹೆಸರಿನ ಅರ್ಥ ಕ್ಷಮೆಯ ದಿಬ್ಬ. ನೆತ್ತಿಯುದ್ದಕ್ಕೂ ಗಾಳಿಯಂತ್ರಗಳ ಸಾಲು. ಗಾಳಿಯಿಂದ ವಿದ್ಯುತ್ ತೆಗೆಯುವವರು ಈ ಜಾಗವನ್ನೇ ಆರಿಸಿಕೊಂಡಿದ್ದಾರೆ ಎಂದರೆ ಬುದ್ಧಿಯಿರುವವನಿಗೆ ಏನೋ ಹೊಳೆಯಬೇಕು. ನನಗೆ ಹೊಳೆಯಲಿಲ್ಲ. ಕೆಳಗೇ ತೊಟ್ಟುಕೊಳ್ಳಬೇಕಾದದ್ದನ್ನು ನೆತ್ತಿಗೇರಿ ಬಿಚ್ಚಿದೆ.

ಚೀಲ ಹೊತ್ತವನು ಒಬ್ಬನೇ ಪಾಂಚೋ ತೊಡುವುದೆಂದರೆ ತನ್ನ ಬೆನ್ನನ್ನು ತಾನೇ ನೋಡಲು ಹೊರಟಂತೆ. ತಲೆಯೇನೋ ತೂರುತ್ತದೆ. ಹಿಂದಿನ ಸೆರಗು ಮಾತ್ರ ಚೀಲದ ಮೇಲೆ ಮುದ್ದೆಯಾಗಿ ಕೂರುತ್ತದೆ. ಎಳೆಯೋಣವೆಂದರೆ ಕೈ ಅಲ್ಲಿಗೆ ಎಟಕುವುದಿಲ್ಲ, ತಿರುಗಿದರೆ ಅದೂ ಜೊತೆಗೇ ತಿರುಗುತ್ತದೆ. ಬಾಲ ಹಿಡಿಯಲು ಹೊರಟ ನಾಯಿಯಂತೆ ಎರಡು ಸುತ್ತು ಹಾಕಿದೆ. ಗಾಳಿ ಬಂದಾಗ ತೂರಿಕೊ ಎನ್ನುತ್ತದೆ ಗಾದೆ. ಅಲ್ಲಿ ಗಾಳಿಯೇ ನನ್ನನ್ನು ತೂರುತ್ತಿತ್ತು. ಸೆರಗು ತಲೆಯ ಮೇಲಿಂದ ಹಾದು ಬಂದು ಮುಖಕ್ಕೆ ಅಂಟಿಕೊಂಡಿತು. ಪಕ್ಕದ ಟಿಚ್ ಬಟನ್‌ಗಳು ಒಂದೊಂದಾಗಿ ರಾಜೀನಾಮೆ ಕೊಟ್ಟವು. ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ನಾಲ್ಕರಷ್ಟಾಗುತ್ತದೆ ಎಂದು ಓದಿದ್ದು ನೆನಪಿತ್ತು, ಪ್ರಾಯೋಗಿಕ ಪರೀಕ್ಷೆ ಇಷ್ಟು ತಡವಾಗಿ ನಡೆಯಿತು.

ಕೊನೆಗೆ ಗುರುತು ಪರಿಚಯವಿಲ್ಲದ ಹಿರಿಯ ಮಹಿಳೆಯೊಬ್ಬರು ಹಿಂದಿನಿಂದ ಬಂದರು. ಶಾಲೆಗೆ ಹೊರಟ ಮಗುವಿನ ಅಂಗಿ ಸರಿಪಡಿಸುವಂತೆ ಸೆರಗೆಳೆದು, ತುದಿಯನ್ನು ಚೀಲದ ಸೊಂಟಪಟ್ಟಿಯೊಳಗೆ ಸಿಕ್ಕಿಸಿ, ಬೆನ್ನು ತಟ್ಟಿ ಮುಂದೆ ನಡೆದರು. ಅವರು ತೊಟ್ಟಿದ್ದು ಜಾಕೆಟ್ಟು. ದ್ವೈತಿಯ ಕೈಯಲ್ಲಿ ಉದ್ಧಾರವಾಗುವ ಯೋಗ ನನ್ನದು.

ಆ ನೆತ್ತಿಯಲ್ಲಿ 1996ರಲ್ಲಿ ನಿಲ್ಲಿಸಿದ ಲೋಹದ ಯಾತ್ರಿಕರ ಸಾಲೊಂದಿದೆ. ಗಾಳಿಯ ದಾರಿ ನಕ್ಷತ್ರಗಳ ದಾರಿಯನ್ನು ಸಂಧಿಸುವ ಜಾಗವಿದು ಎಂಬರ್ಥದ ಸಾಲನ್ನು ಅದರ ಮೇಲೆ ಬರೆದಿದ್ದಾರೆ. ಎಲ್ಲರೂ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನನ್ನ ಫೋಟೊದಲ್ಲಿ ಬಟ್ಟೆ ಅಲುಗದೆ ಇರುವವರು ಆ ತಗಡಿನವರು ಮಾತ್ರ.

ಅಂದು ರಾತ್ರಿ ಉಪದೇಶದ ಸುರಿಮಳೆ. ಅದಕ್ಕೆ ಯಾವ ಪಾಂಚೋ ಕೂಡ ತಡೆಯಲ್ಲ. ಸೊಂಟಕ್ಕೆ ಲಾಡಿ ಬಿಗಿಯಿರಿ ಎಂದರು ಒಬ್ಬರು, ಇದು ಕೆಲಸಕ್ಕೆ ಬರುವ ಮಾತು. ಅಂಚಿಗೆ ಬಟ್ಟೆ ಕ್ಲಿಪ್ಪು ಸಿಕ್ಕಿಸಿ ಎಂದರು ಇನ್ನೊಬ್ಬರು. ಸೇಫ್ಟಿ ಪಿನ್ನು ಚುಚ್ಚಿ ಎಂದರು ಮತ್ತೊಬ್ಬರು, ನೀರು ಇಳಿಯಬಾರದೆಂದೇ ಕೊಂಡ ಬಟ್ಟೆಗೆ! ಮೂಲೆಯಲ್ಲಿ ಕುಳಿತಿದ್ದ ವೃದ್ಧರು ಕೊನೆಯಲ್ಲಿ ಬಾಯಿ ತೆರೆದರು: "ಮೂಲೆಗೆ ಏನಾದರೂ ಭಾರ ಕಟ್ಟಿ."

ಭುಜದ ಮೇಲಿನ ಗಿಡ್ಡ ಹೊದಿಕೆಗೆ ಫ್ರೆಂಚಿನಲ್ಲಿ ಪೆಲೆರೀನ್ ಎನ್ನುತ್ತಾರೆ, ಯಾತ್ರಿಕ ಎಂಬ ಪದದಿಂದಲೇ ಹುಟ್ಟಿದ ಹೆಸರು. ಹಳೆಯ ಕಾಲದ ಯಾತ್ರಿಕರ ಉಣ್ಣೆಯ ಹೊದಿಕೆ ನೆಂದರೆ ಕುರಿಯನ್ನೇ ಹೊತ್ತಂತೆ, ಹಾರುವ ಮಾತೇ ಇಲ್ಲ. ನಾವು ಹೆಚ್ಚು ದುಡ್ಡು ಕೊಟ್ಟು ಹಗುರವಾದದ್ದನ್ನು ಕೊಂಡೆವು. ಈಗ ಅದಕ್ಕೆ ಭಾರ ಹುಡುಕುತ್ತಿದ್ದೇವೆ.

ಭಾರ ನನ್ನ ಬಳಿ ಇತ್ತು. ದಾರಿಯಲ್ಲಿ ಮುಂದೆ ಕ್ರೂಸ್ ದೆ ಫೆರ್ರೊ ಎಂಬ ಜಾಗವಿದೆ. ಮನೆಯಿಂದ ತಂದ ಕಲ್ಲನ್ನು ಅಲ್ಲಿಟ್ಟು ಮನಸ್ಸಿನ ಹೊರೆ ಇಳಿಸಿಕೊಳ್ಳುವುದು ರೂಢಿ. ಬ್ರಷ್ಷಿನ ಹಿಡಿ ಕತ್ತರಿಸಿದವನು ಕಲ್ಲು ಹೊತ್ತದ್ದೇಕೆ ಎಂದು ಕೇಳಬೇಡಿ, ಅದನ್ನು ನಾನು ತಕ್ಕಡಿಗೆ ಹಾಕಿರಲಿಲ್ಲ. ಕಲ್ಲನ್ನು ಒಂದು ಕಾಲುಚೀಲಕ್ಕೆ ಹಾಕಿ, ಪಾಂಚೋದ ಮುಂದಿನ ಮೂಲೆಯ ತೂತಿಗೆ ಕಟ್ಟಿದೆ. ಪಾಂಚೋ ಸುಮ್ಮನಾಯಿತು. ಹೆಜ್ಜೆಗೊಮ್ಮೆ ನನ್ನ ಪಾಪ ನನ್ನ ಮಂಡಿಗೇ ಬಡಿಯುತ್ತ ಬಂತು.

ವಾರಗಳ ನಂತರ, ಸುಮಾರು 1500 ಮೀಟರ್ ಎತ್ತರದ ಆ ಜಾಗ. ಉದ್ದನೆಯ ಮರದ ಕಂಬ, ತುದಿಯಲ್ಲಿ ಪುಟ್ಟ ಕಬ್ಬಿಣದ ಶಿಲುಬೆ, ಬುಡದಲ್ಲಿ ಗುಡ್ಡೆ ಬಿದ್ದ ಕಲ್ಲುಗಳು. ಮುಂದಿದ್ದವರು ಒಬ್ಬೊಬ್ಬರಾಗಿ ಕಲ್ಲಿಟ್ಟು ಕಣ್ಣೊರೆಸಿಕೊಂಡು ಇಳಿದರು. ನನ್ನ ಸರದಿ ಬಂತು. ಗಂಟು ಬಿಚ್ಚಿ ಕಲ್ಲನ್ನು ಅಂಗೈಯಲ್ಲಿ ಹಿಡಿದೆ. ಅಷ್ಟರಲ್ಲಿ ಗಾಳಿ ಬೀಸಿ, ಬಿಡುಗಡೆಯಾದ ಮೂಲೆ ಎದ್ದು ಕೆನ್ನೆಗೊಂದು ಬಾರಿಸಿತು. ಮುಂದಿರುವುದು ಮಳೆಗೇ ಹೆಸರಾದ ಗಲೀಸಿಯಾ ಪ್ರಾಂತ.

ಕಲ್ಲನ್ನು ಕಾಲುಚೀಲಕ್ಕೆ ಮರಳಿ ಹಾಕಿ ಗಂಟು ಬಿಗಿದೆ. ಹಿಂದೆ ನಿಂತಿದ್ದ ಇನ್ನೊಬ್ಬ ಅದ್ವೈತಿ, ತಲೆಯ ಮೇಲೆ ಪಟಪಟಿಸುತ್ತಿದ್ದ ತನ್ನ ಸೆರಗನ್ನು ಎರಡೂ ಕೈಯಿಂದ ಅದುಮಿ ಹಿಡಿದು, ಆ ರಾಶಿಯಿಂದ ತಾನೂ ಒಂದು ಎತ್ತಿಕೊಳ್ಳಬಹುದೇ ಎಂದು ಮೆಲ್ಲಗೆ ಕೇಳಿದ.