ಹಾಲು ಕರೆಯದ ಹಸು

ಜರ್ಮನಿಯ ಕಲೋನ್ ನಗರದಲ್ಲಿ ಮನೆ ಕೊಂಡಿರುವ ನನ್ನ ಭಾವಮೈದುನನು ಹಿತ್ತಲಿಗೆ ಹುಲ್ಲು ಕತ್ತರಿಸುವ ರೋಬೋಟೊಂದನ್ನು ತಂದಿದ್ದಾನೆ. ಮಲೆನಾಡಿನ ಕೊಟ್ಟಿಗೆಯ ಕೆಲಸ ಸಾಕೆಂದು ಇಂಜಿನಿಯರಾಗಿ ದೇಶ ಬಿಟ್ಟವನು ಈಗ ಅಲ್ಲಿ ಸಾಲ ಮಾಡಿ ದನ ಕಾಯುತ್ತಿದ್ದಾನೆ.

ದನವೆಂದದ್ದು ಸುಮ್ಮನೆ ಅಲ್ಲ. 1995ರಲ್ಲಿ ಸ್ವೀಡನ್ನಿನ ಕಂಪನಿಯೊಂದು ಬಿಸಿಲನ್ನೇ ಉಂಡು ನಡೆಯುವ ಇಂಥ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಂದಿನಿಂದಲೂ ಈ ಜಾತಿ ಹಿತ್ತಲುಗಳಲ್ಲಿ ಮೇಯುತ್ತಲೇ ಇದೆ. ಹೊಟ್ಟೆಯಡಿಯ ತಟ್ಟೆಯಲ್ಲಿ ಕ್ಷೌರದ ಬ್ಲೇಡಿನಂಥ ಮೂರು ಅಲಗುಗಳನ್ನು ತಿರುಗಿಸುತ್ತಾ ಭಾವಮೈದುನನ ದನ ಗೊತ್ತುಗುರಿಯಿಲ್ಲದೆ ಅಡ್ಡಾಡುತ್ತದೆ, ಹಸಿವಾದರೆ ಚಾರ್ಜಿಂಗ್ ಗೂಟಕ್ಕೆ ತಾನೇ ಬಂದು ಮೂತಿ ಚಾಚುತ್ತದೆ, ನೆಲದಲ್ಲಿ ಹೂತ ತಂತಿಯ ಬೇಲಿಯನ್ನು ಎಂದೂ ದಾಟುವುದಿಲ್ಲ. ಮೇದದ್ದನ್ನು ಮಾತ್ರ ತಿನ್ನದೆ, ಅಲ್ಲಲ್ಲೇ ಪುಡಿಯಾಗಿ ಉದುರಿಸಿ ಗೊಬ್ಬರವೆಂದು ಲೆಕ್ಕ ಒಪ್ಪಿಸುತ್ತದೆ. ಆ ಗೊಬ್ಬರಕ್ಕೆ ಹುಲ್ಲು ಮತ್ತೆ ಬೆಳೆಯುತ್ತದೆ. ಬೆಳೆದ ತಪ್ಪಿಗೆ ಮರುದಿನವೇ ಮತ್ತೆ ತಲೆ ಕೊಡುತ್ತದೆ.

ಕಳೆದ ಸೆಪ್ಟೆಂಬರಿನಲ್ಲಿ ನಾನು ಅಲ್ಲಿದ್ದಾಗ ಉದುರಿದ ಸೇಬೊಂದರ ಮೇಲೆ ಹತ್ತಿ ಅದು ಚಕ್ರ ಮೇಲಾಗಿ ನಿಂತುಬಿಟ್ಟಿತು. ಆಫೀಸಿನ ಮೀಟಿಂಗಿನಲ್ಲಿದ್ದ ಯಜಮಾನನ ಮೊಬೈಲಿಗೆ ದೂರು ಹೋಯಿತು. "ಭಾವ, ಒಂಚೂರು ಹೊರಗೆ ಹೋಗಿ ಅದನ್ನ ಎತ್ತಿಬಿಡ್ತೀರಾ?" ಎಂದು ಅವನು ಪಿಸುಗುಟ್ಟಿದ. ಎತ್ತಿದೆ. ಕಳ್ಳನೆಂದು ಬಗೆದ ಅದು ನಾಲ್ಕಂಕಿಯ ಪಿನ್ ಕೇಳುತ್ತಾ ಕಿರುಚತೊಡಗಿತು. ನಮ್ಮೂರಿನಲ್ಲಿ ನಮ್ಮ ಹಸು ಗೌರಿ ಹಳ್ಳಕ್ಕೆ ಬಿದ್ದಾಗ ಎತ್ತಲು ನಾಲ್ಕು ಜನ ಬೇಕಾಗಿದ್ದರು, ನಿಜ. ಆದರೆ ನಾಲ್ಕಂಕಿ ಬೇಕಾಗಿರಲಿಲ್ಲ.

ಇನ್ನು ಸರ್ಕಾರದ ಪಾಲು. ವಸತಿ ಪ್ರದೇಶಗಳಲ್ಲಿ ಭಾನುವಾರ ಹುಲ್ಲು ಕತ್ತರಿಸುವ ಯಂತ್ರ ಓಡಿಸಕೂಡದೆಂಬ ಗದ್ದಲ ನಿಯಮ ಜರ್ಮನಿಯಲ್ಲಿ ಇರುವುದರಿಂದ ಈ ದನಕ್ಕೆ ವಾರದ ರಜೆಯೂ ಉಂಟು. ಗೋಧೂಳಿಯ ಹೊತ್ತಿಗೆ ದನ ಕೊಟ್ಟಿಗೆ ಸೇರಬೇಕೆಂಬ ನಮ್ಮಜ್ಜಿಯ ಕಾನೂನನ್ನು ಕಲೋನ್ ನಗರಾಡಳಿತವು 2024ರಲ್ಲಿ ದಂಡದ ಬೆದರಿಕೆಯ ಸಮೇತ ಜಾರಿಗೆ ತಂದು, ರೋಬೋಟುಗಳ ರಾತ್ರಿ ಸಂಚಾರವನ್ನು ನಿಷೇಧಿಸಿತು. ಕಾರಣ ಹೆಡ್ಜ್‌ಹಾಗ್ ಎಂಬ, ನಮ್ಮ ಮುಳ್ಳುಹಂದಿಗಿಂತ ಬಹಳ ಚಿಕ್ಕದಾದ, ರಾತ್ರಿ ಹೊತ್ತು ಹುಳುಹುಪ್ಪಟೆ ಹುಡುಕುವ ಪ್ರಾಣಿ. ಅಪಾಯ ಬಂದರೆ ಅದು ಓಡುವುದಿಲ್ಲ, ಮುದುಡಿ ಮುಳ್ಳಿನ ಉಂಡೆಯಾಗುತ್ತದೆ. ನರಿಯ ಮೂತಿಗೆ ಚುಚ್ಚುವ ಈ ಉಪಾಯ ಬ್ಲೇಡಿಗೆ ಏನು ಮಾಡೀತು? ಹೀಗಾಗಿ ಅರ್ಧ ಗುಂಟೆ ಹುಲ್ಲಿನ ಸಲುವಾಗಿ ಒಂದು ಯಂತ್ರ, ಯಂತ್ರದ ಸಲುವಾಗಿ ಒಂದು ಆದೇಶ, ಆದೇಶದ ಸಲುವಾಗಿ ಸಂಜೆ ಹಿತ್ತಲಿಗೆ ಓಡಿ ಬರುವ ಒಬ್ಬ ಇಂಜಿನಿಯರು.

ಗಣೇಶನ ಹಬ್ಬದ ಬೆಳಿಗ್ಗೆ ಭಾವಮೈದುನನ ಅಕ್ಕ ಇಪ್ಪತ್ತೊಂದು ಗರಿಕೆ ತರಲು ಹೇಳಿದಳು. ನಾವಿಬ್ಬರೂ ಮೊಣಕಾಲೂರಿ, ರತ್ನಗಂಬಳಿಯಂತೆ ಸಮನಾಗಿದ್ದ ಆ ಹಿತ್ತಲನ್ನು ಅರ್ಧ ಗಂಟೆ ತಡಕಿದೆವು. ಕೊನೆಗೆ ಭಾವಮೈದುನ ಕಾರು ತೆಗೆದು ಇಂಡಿಯನ್ ಅಂಗಡಿಗೆ ಹೊರಟ. ನಾನು ಅವನ ದನ ಕಾಯುತ್ತಾ ಕುಳಿತೆ.