ನಾವು ಹೋಗಿ ಕೂತರೆ ಹಾಲ್‌ನ ದನಿಯೇ ಬೇರೆ

ಮೂರು ವಾರದಿಂದ ಶನಿವಾರ, ಭಾನುವಾರ ಮನೆಯಲ್ಲಿ ಕೂತಿಲ್ಲ. ಒಂದು ಬೆಟ್ಟ, ಒಂದು ನಾಟಕ, ಒಂದು ಬಯಲಿನ ಸಂಗೀತ ಕಾರ್ಯಕ್ರಮ. ಬೆಟ್ಟದ ಬಗ್ಗೆ ಹೇಳೋದು ಜಾಸ್ತಿ ಇಲ್ಲ. ಹತ್ತಿದೆವು, ಮೇಲೆ ಮಂಜು ಕವಿದಿತ್ತು, ಇಳಿದೆವು. ಚೆನ್ನಾಗಿತ್ತು. ಆದರೆ ನಾಟಕ ಮಾತ್ರ ಇನ್ನೂ ತಲೆಯಿಂದ ಇಳಿದಿಲ್ಲ.

ಚಿಕ್ಕ ರಂಗಮಂದಿರ. ನಾನು ಎರಡನೇ ಸಾಲಿನಲ್ಲಿದ್ದೆ. ಹಿರಿಯ ನಟಿಯೊಬ್ಬರು ಕೈಯಲ್ಲಿ ಒಂದು ಪತ್ರ ಹಿಡಿದು ನಿಂತಿದ್ದರು. ಮಾತಾಡಬೇಕಾದ ಜಾಗದಲ್ಲಿ ಮಾತಿಲ್ಲ. ಪತ್ರದ ಮಡಿಕೆ ಬಿಚ್ಚಿದರು, ಮತ್ತೆ ಮಡಚಿದರು, ಮತ್ತೆ ಬಿಚ್ಚಿದರು. ಕಾಗದದ ಸದ್ದು ನಮಗೆ ಕೇಳಿಸುತ್ತಿತ್ತು. ಯಾರೂ ಕೆಮ್ಮಲಿಲ್ಲ, ಅಲುಗಲಿಲ್ಲ. ಎದುರಿಗಿದ್ದ ಹುಡುಗ ಮೆಲ್ಲಗೆ, 'ಇನ್ನೂ ಓದಿಲ್ವಾ ಅಮ್ಮಾ?' ಅಂದ. 'ಧೈರ್ಯ ಬರ್ಲಿಲ್ಲ ಕಣೋ' ಅಂದರು ಆಕೆ. ನಾಟಕ ಮುಂದೆ ಸಾಗಿತು.

ಮಾತು ಮರೆತಿದ್ದರು ಅಂತ ಗೊತ್ತಾಗಿದ್ದು ಆಮೇಲೆ, ಅವರೇ ಹೇಳಿದಾಗ. ಆ ಎರಡೂ ಸಾಲು ಬರಹದಲ್ಲಿ ಇರಲೇ ಇಲ್ಲವಂತೆ. 'ನೀವೆಲ್ಲ ಅಷ್ಟು ಸುಮ್ನೆ ಕೂತಿದ್ರಲ್ಲ, ಅದಕ್ಕೇ ನಂಗೆ ಗಾಬರಿ ಆಗ್ಲಿಲ್ಲ' ಅಂದರು. ಅವತ್ತಿನಿಂದ ನನ್ನ ತಲೆಯಲ್ಲಿ ಇದೇ ಮಾತು. ನೋಡೋಕೆ ಹೋದವರು ಬರೀ ನೋಡುವವರಲ್ಲ, ಆಟದೊಳಗೇ ಇರುತ್ತಾರೆ.

ಇದು ಭಾವುಕತೆಯ ಮಾತಲ್ಲ. 1895ರಲ್ಲಿ ಹಾರ್ವರ್ಡ್‌ನ ಹೊಸ ಉಪನ್ಯಾಸ ಕೊಠಡಿಯೊಂದರಲ್ಲಿ ಮೇಷ್ಟ್ರು ಹೇಳಿದ್ದು ಅರ್ಥವೇ ಆಗುತ್ತಿರಲಿಲ್ಲ. ಒಂದು ಮಾತು ಐದೂವರೆ ಸೆಕೆಂಡು ಅಲ್ಲೇ ಮೊಳಗುತ್ತಿತ್ತು. ವಾಲೇಸ್ ಸಬೈನ್ ಎಂಬ ಯುವ ಭೌತವಿಜ್ಞಾನಿ ಪಕ್ಕದ ಥಿಯೇಟರ್‌ನಿಂದ ಸೀಟಿನ ದಿಂಬುಗಳನ್ನು ತರಿಸಿ, ರಾತ್ರಿಯೆಲ್ಲ ಆರ್ಗನ್ ಎಂಬ ವಾದ್ಯದ ಕೊಳವೆ ಊದಿಸಿ, ಸದ್ದು ಅಡಗೋಕೆ ಎಷ್ಟು ಹೊತ್ತು ಬೇಕು ಅಂತ ಅಳೆದ. ದಿಂಬು ಮಾತ್ರ ಅಲ್ಲ, ಕೂತ ಮನುಷ್ಯರೂ ಸದ್ದನ್ನು ಹೀರುತ್ತಾರೆ ಅನ್ನೋದನ್ನೂ ಲೆಕ್ಕ ಹಾಕಿದ. ಅಂದರೆ ಖಾಲಿ ಹಾಲ್‌ನಲ್ಲಿ ಹಾಡಿದ ಹಾಡೇ ಬೇರೆ, ನಾವು ತುಂಬಿದ ಮೇಲೆ ಕೇಳುವ ಹಾಡೇ ಬೇರೆ. ಎಷ್ಟು ಚಂದ ಅಲ್ವಾ?

ಅದಕ್ಕೇ ಕಳೆದ ಭಾನುವಾರದ ಬಯಲು ಕಾರ್ಯಕ್ರಮದಲ್ಲಿ ನನಗೆ ಸಂಕಟವಾಯಿತು. ನಾವು ವೇದಿಕೆಯಿಂದ ನೂರು ಮೀಟರ್ ದೂರ ಇದ್ದೆವೇನೋ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಡ್ರಮ್ಮಿನ ಮೇಲೆ ಕೋಲು ಬಿದ್ದದ್ದು ಮೊದಲು ಕಾಣುತ್ತಿತ್ತು, ಏಟು ಆಮೇಲೆ ಬಂದು ಎದೆಗೆ ತಾಗುತ್ತಿತ್ತು. ಆ ಚಿಕ್ಕ ಅಂತರ ನನಗೆ ತುಂಬಾ ಹಿಡಿಸಿತು. ಮುಂದಿದ್ದವರು ಮಾತ್ರ ಮೊದಲ ಹಾಡಿನಿಂದ ಕೊನೆಯವರೆಗೂ ಫೋನ್ ಎತ್ತಿ ಹಿಡಿದಿದ್ದರು. ಒಂದು ಹಾಡು ರೆಕಾರ್ಡ್ ಮಾಡಿಕೊಳ್ಳಿ, ಬೇಡ ಅನ್ನಲ್ಲ. ಉಳಿದದ್ದನ್ನು ದಯವಿಟ್ಟು ಕಣ್ಣಲ್ಲಿ ನೋಡಿ. ವೇದಿಕೆಯ ಮೇಲಿರುವವರಿಗೆ ನಿಮ್ಮ ಮುಖ ಬೇಕು.

ಇನ್ನೊಂದು ಮಾತು. ಅವತ್ತು ರಾತ್ರಿಯೆಲ್ಲ ಕಿವಿ ಗುಂಯ್‌ಗುಡುತ್ತಿತ್ತು. ಇಂಥ ಕಡೆ ಸದ್ದು ಸರಾಸರಿ 100 ಡೆಸಿಬೆಲ್ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲೇ ಹೇಳಿದೆ. ಸ್ಪೀಕರ್ ಹತ್ತಿರ ಮಕ್ಕಳನ್ನು ನಿಲ್ಲಿಸಬೇಡಿ, ಇಯರ್‌ಪ್ಲಗ್ ಒಯ್ಯಿರಿ.

ನಾಟಕಕ್ಕೇ ಮರಳುತ್ತೇನೆ. ಹಂಗೇರಿ, ರೊಮೇನಿಯಾದ ರಂಗಮಂದಿರಗಳಲ್ಲಿ ಚಪ್ಪಾಳೆಯನ್ನು ರೆಕಾರ್ಡ್ ಮಾಡಿ ನಡೆಸಿದ ಅಧ್ಯಯನವೊಂದು 2000ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದಿತ್ತು. ಚದುರಿದ ಚಪ್ಪಾಳೆ ಒಂದೇ ತಾಳಕ್ಕೆ ಬೀಳುವಾಗ ಪ್ರತಿಯೊಬ್ಬರೂ ತಮ್ಮ ವೇಗವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತಾರಂತೆ. ಯಾರೂ ಹೇಳಿಕೊಟ್ಟಿರುವುದಿಲ್ಲ.

ಅವತ್ತೂ ಹಾಗೇ ಆಯಿತು. ಮೊದಲು ಮಳೆಯ ಹಾಗೆ ಚಟಪಟ, ಆಮೇಲೆ ನಿಧಾನಕ್ಕೆ ಎಲ್ಲರ ಕೈಯೂ ಒಂದೇ ಸಲ. ಆಕೆ ತಲೆಬಾಗಿ ನಿಂತಿದ್ದರು. ಪತ್ರ ಇನ್ನೂ ಕೈಯಲ್ಲೇ ಇತ್ತು.