ನಮ್ಮ ‘ನೋಡ್ತೀನಿ’, ಅವರ ‘ಜಮಣಾರ್ ನಾಹಿ’

ಪುಣೆಗೆ ಬಂದ ಹೊಸದರಲ್ಲಿ, ಕೋಥರೂಡಿನ ನಮ್ಮ ಸೊಸೈಟಿಯ ಮೇಲಿನ ಮನೆ ಕಾಕೂ, ಅಂದರೆ ಆಂಟಿ, ಒಮ್ಮೆ ಕೇಳಿದ್ದರು. ಭಾನುವಾರ ಬೆಳಿಗ್ಗೆ ಸ್ವಾರ್‌ಗೇಟ್‌ವರೆಗೆ ಸ್ಕೂಟರಿನಲ್ಲಿ ಬಿಡ್ತೀಯಾ ಅಂತ. ನನಗೆ ಮನಸ್ಸಿರಲಿಲ್ಲ. ಮೈಸೂರಿನ ಕಡೆ ಇಂಥದ್ದಕ್ಕೆ ರೆಡಿ ಉತ್ತರವಿದೆ: ‘ನೋಡ್ತೀನಿ.’ ಅದನ್ನೇ ಮರಾಠಿ ಮಾಡಿ ‘ಬಘ್ತೋ ಕಾಕೂ’ ಅಂದೆ.

ಭಾನುವಾರ ಎಂಟಕ್ಕೆ ಹಾಲಿನ ಪ್ಯಾಕೆಟ್ ತೊಗೊಳ್ಳೋಣ ಅಂತ ಬಾಗಿಲು ತೆಗೆದರೆ, ಕಾಕೂ ಚಪ್ಪಲಿ ಹಾಕಿಕೊಂಡು, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದಾರೆ. ನಾನು ಲುಂಗಿಯಲ್ಲಿ. ನನ್ನ ‘ನೋಡ್ತೀನಿ’ ಅವರ ಕಿವಿಗೆ ‘ನಾನು ನೋಡ್ಕೋತೀನಿ’ ಅಂತ ಕೇಳಿಸಿತ್ತು. ‘ಜಮಣಾರ್ ನಾಹಿ ಅಂದುಬಿಟ್ಟಿದ್ದರೆ ರಿಕ್ಷಾ ಹಿಡೀತಿದ್ದೆನಲ್ಲೋ’ ಅಂದರು. ಸಿಟ್ಟೇನೂ ಇರಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಜಮಣಾರ್ ನಾಹಿ. ಅಂದರೆ, ಆಗೋದಿಲ್ಲ. ಕಾರಣವಿಲ್ಲ, ಕ್ಷಮೆಯಿಲ್ಲ, ರಾಗವೂ ಇಲ್ಲ. ಬಹಳ ವರ್ಷ ನನಗಿದು ಒರಟುತನವಾಗಿಯೇ ಕಂಡಿತ್ತು. ನನ್ನ ಮನಸ್ಸು ಬದಲಾಯಿಸಿದ್ದು, ವಿಚಿತ್ರ ನೋಡಿ, ಒಬ್ಬ ಅಮೆರಿಕನ್ ಪತ್ರಕರ್ತೆ.

ಜುಡಿತ್ ಮಾರ್ಟಿನ್ ಹುಟ್ಟಿದ್ದು 1938ರಲ್ಲಿ. ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ಬೆಳೆದವರು. ಶ್ವೇತಭವನದ ಪಾರ್ಟಿಗಳ ವರದಿ, ನಾಟಕ, ಸಿನಿಮಾ ವಿಮರ್ಶೆ ಎಲ್ಲ ಬರೆದರು. 1971ರಲ್ಲಿ ಅಧ್ಯಕ್ಷ ನಿಕ್ಸನ್ ಮಗಳ ಮದುವೆಯ ವರದಿಗೆ ಅವರನ್ನು ಒಳಗೇ ಬಿಡಲಿಲ್ಲ. ಆ ಹುಡುಗಿಯ ಉಡುಗೆಯನ್ನು ಹಿಂದೊಮ್ಮೆ ಐಸ್‌ಕ್ರೀಮ್ ಕೋನ್‌ಗೆ ಹೋಲಿಸಿ ಬರೆದಿದ್ದರು! ಅಂಥವರು 1978ರಲ್ಲಿ ‘ಮಿಸ್ ಮ್ಯಾನರ್ಸ್’ ಅನ್ನೋ ಹೆಸರಲ್ಲಿ ಶಿಷ್ಟಾಚಾರದ ಅಂಕಣ ಶುರು ಮಾಡಿದರು. ಅದು ಇನ್ನೂರಕ್ಕೂ ಹೆಚ್ಚು ಪತ್ರಿಕೆಗಳಿಗೆ ಹೋಯಿತು. 2005ರಲ್ಲಿ ಅಲ್ಲಿಯ ರಾಷ್ಟ್ರೀಯ ಮಾನವಿಕ ಪದಕವೂ ಬಂತು.

ಚಮಚ ಯಾವ ಕಡೆ ಇಡಬೇಕು ಅನ್ನೋದೂ ಅವರಿಗೆ ಗೊತ್ತು, ಅದಿರಲಿ. ನನಗೆ ಹಿಡಿಸಿದ್ದು ಬೇರೆ. ಬೇಡ ಅನ್ನುವಾಗ ಕಾರಣ ಕೊಡಬೇಡಿ ಅನ್ನುತ್ತಾರೆ ಆಕೆ. ಕ್ಷಮಿಸಿ, ಆಗೋದಿಲ್ಲ, ಅಷ್ಟೇ ಸಾಕು. ಕಾರಣ ಕೊಟ್ಟರೆ ಎದುರಿನವರು ಅದಕ್ಕೊಂದು ಪರಿಹಾರ ಹುಡುಕಿಕೊಂಡು ಬರುತ್ತಾರೆ. ಅಲ್ವಾ? ನಮ್ಮ ಕಾಕೂ ಈ ಅಂಕಣ ಓದದೆಯೇ ಅದನ್ನು ಕಲಿತಿದ್ದರು.

ಹಾಗಂತ ಪುಣೇಕರರಿಗೆ ಪೂರ್ತಿ ಮಾರ್ಕ್ಸ್ ಕೊಡೋಕೆ ನಾನು ತಯಾರಿಲ್ಲ. ಇಲ್ಲಿಯ ಪೇಟೆಯಲ್ಲಿ ‘ಪುಣೇರಿ ಪಾಟಿ’ ಅನ್ನೋ ಬೋರ್ಡುಗಳು ನೇತಾಡುತ್ತವೆ. ಬೆಲ್ ಒಂದೇ ಸಲ ಒತ್ತಿ, ಒಳಗಿರುವವರು ಕಿವುಡರಲ್ಲ, ಅನ್ನೋ ಥರದ್ದು. ಓದಿ ನಗಬಹುದು, ಬೆಲ್ ಒತ್ತೋಕೆ ಬಂದವನ ಬೆರಳು ಮಾತ್ರ ಅಲ್ಲೇ ನಿಲ್ಲುತ್ತದೆ. ಬೇರೆಯವರ ನಡತೆ ತಿದ್ದಲು ಹೋಗೋದೇ ಒರಟುತನ ಅಂತ ಮಿಸ್ ಮ್ಯಾನರ್ಸ್ ವಾದ. ಮದುವೆ ಕರೆಯೋಲೆಯಲ್ಲಿ ಉಡುಗೊರೆಯ ಮಾತೇ ಬರಬಾರದು, ಬೇಡ ಅಂತಲೂ ಬರೆಯಬಾರದು ಅನ್ನುತ್ತಾರೆ. ಇಲ್ಲಿ ‘ಕೃಪಯಾ ಆಹೇರ್ ಆಣೂ ನಯೇ’, ದಯವಿಟ್ಟು ಉಡುಗೊರೆ ತರಬೇಡಿ, ಅಂತ ಅಚ್ಚು ಹಾಕಿಸುತ್ತಾರೆ. ನಮ್ಮವರು ‘ಆಶೀರ್ವಾದವೇ ಉಡುಗೊರೆ’ ಅನ್ನುತ್ತಾರೆ. ಆಮೇಲೆ ಕವರ್ ಕೊಟ್ಟರೆ ತೊಗೊಳ್ಳುತ್ತಾರೆ. ಈ ವಿಷಯದಲ್ಲಿ ಇಬ್ಬರೂ ಫೇಲ್.

ಆದರೂ ‘ನೋಡ್ತೀನಿ’ಯನ್ನು ನಾವು ಸೌಜನ್ಯ ಅಂದುಕೊಂಡಿದ್ದೇವಲ್ಲ, ಅದು ನನಗೀಗ ಸರಿ ಕಾಣೋದಿಲ್ಲ. ಬೇಜಾರಾಗಬಾರದು ಅಂತ ಹೇಳೋದು ನಿಜ. ಯಾರಿಗೆ ಬೇಜಾರಾಗಬಾರದು ಅಂತ? ಮೆಟ್ಟಿಲ ಮೇಲೆ ಕೂತವರಿಗಂತೂ ಅಲ್ಲ.

ಮೊನ್ನೆ ಕಾಕೂ ಗಣಪತಿ ಮಂಡಪದ ಕೆಲಸಕ್ಕೆ ಕರೆದರು. ಧೈರ್ಯ ಮಾಡಿ ‘ಜಮಣಾರ್ ನಾಹಿ’ ಅಂದೆ. ‘ಬರಂ’, ಸರಿ, ಅಂತ ಹೇಳಿ ಅವರು ಹೊರಟೇಬಿಟ್ಟರು. ನನ್ನ ನಾಲಿಗೆ ಸುಮ್ನಿರಬೇಕಲ್ಲ! ಮೆಟ್ಟಿಲವರೆಗೂ ಹಿಂದೆ ಹೋಗಿ, ಮಂಡಿ ನೋವು ಕಾಕೂ, ಎರಡು ದಿನದಿಂದ, ಅಂತ ಸುಳ್ಳು ಸೇರಿಸಿದೆ. ಸಂಜೆ ಬೆಲ್ ಆಯಿತು, ಒಂದೇ ಸಲ. ಬಾಗಿಲಲ್ಲಿ ಕಾಕೂ, ಕೈಯಲ್ಲಿ ಬಿಸಿ ಮಾಡಿದ ಎಣ್ಣೆಯ ಬಟ್ಟಲು. ಯಾವ ಮಂಡಿ ಅಂತ ಕೇಳಿದರು.